ಹುಳ ಕಾಣದ ಕಜ್ಜಿ

ಅದು ಎರಡೇ ಸಾಲಿನ ವರದಿ. "ಕಂದು ಬಣ್ಣದ ಹೆಣ್ಣು ನಾಯಿ, ಮೈಮೇಲೆ ಅಲ್ಲಲ್ಲಿ ಕೂದಲು ಉದುರಿ ಹಕ್ಕಳೆ ಕಟ್ಟಿದೆ. ಹುಳಕಜ್ಜಿ, ಅಂಟುರೋಗ." ಕೆಳಗೆ ನನ್ನ ಸಹಿ. ಆ ನಾಯಿಯನ್ನು ನಾನು ಮುಟ್ಟಿರಲಿಲ್ಲ. ಕೇಶ್ವಾಪುರದ ಒಂದು ಓಣಿಯಲ್ಲಿ, ಮನೆಯೊಂದರ ಗೇಟಿನ ಹೊರಗೆ ನಿಂತು, ಹಿತ್ತಿಲ ಬಚ್ಚಲ ಹತ್ತಿರ ಸರಪಳಿಯಲ್ಲಿದ್ದ ಪ್ರಾಣಿಯನ್ನು ಇಪ್ಪತ್ತು ಹೆಜ್ಜೆ ದೂರದಿಂದ ನೋಡಿ ಬರೆದಿದ್ದೆ. ಅದರ ಒಡತಿ ಹೆಣ್ಣುಮಕ್ಕಳ ಸಾಲೆಯ ಶಿಕ್ಷಕಿ. ಆ ಹೊತ್ತಿಗೆ ಸಾಲೆಯಲ್ಲಿದ್ದರು. ಪಕ್ಕದಲ್ಲಿ ನಿಂತು ಬರೆಸಿದವರು ಅದೇ ಓಣಿಯ ಅರಳೆ ವ್ಯಾಪಾರಿ. ಊರಸಭೆಯ ಸದಸ್ಯರು, ಮೇಲಾಗಿ ನಾನು ಬಾಡಿಗೆಗಿದ್ದ ಕೋಣೆಯ ಮಾಲೀಕರು.

"ಬರೀರಿ ಡಾಕ್ಟರ್. ಕಜ್ಜಿ ನಾಯಿ ಗುರ್ತಾ ಹಿಡ್ಯಾಕ ದುರ್ಬೀನ ಬೇಕೇನ್ರಿ?" ಎಂದಿದ್ದರು ಅವರು.

ಎರಡನೆಯ ಮಹಾಯುದ್ಧಕ್ಕೆ ಮೂರು ನಾಲ್ಕು ವರ್ಷ ಮೊದಲಿನ ಮಾತು. ಹುಬ್ಬಳ್ಳಿಯ ದನದ ದವಾಖಾನೆಗೆ ನಾನು ಬಂದು ವರ್ಷ ತುಂಬಿರಲಿಲ್ಲ, ನೌಕರಿ ಕಾಯಂ ಆಗಿರಲಿಲ್ಲ. ಬಿಸಿಲು ಏರುತ್ತಿತ್ತು, ದವಾಖಾನೆಯಲ್ಲಿ ಗೊರಸು ಕೊಳೆತ ಎರಡು ಎತ್ತುಗಳು ಕಾದಿದ್ದವು. ಬರೆದುಕೊಟ್ಟು ಮರೆತೆ.

ನಾಲ್ಕನೆಯ ದಿನ ಆ ಶಿಕ್ಷಕಿ ನಾಯಿಯನ್ನು ಕರೆದುಕೊಂಡು ದವಾಖಾನೆಗೇ ಬಂದರು. ನಲವತ್ತು ದಾಟಿದ ವಿಧವೆ, ಬಿಳಿ ಸೀರೆ, ಕೈಯಲ್ಲಿ ಊರಸಭೆಯ ನೋಟೀಸು. ಸೋಂಕಿನ ನಾಯಿಯನ್ನು ಮೂರು ದಿನದೊಳಗೆ ಒಪ್ಪಿಸಬೇಕು, ಇಲ್ಲವಾದರೆ ಬಂದೂಕಿನವರನ್ನು ಕಳಿಸಲಾಗುವುದು ಎಂದು ಅದರಲ್ಲಿತ್ತು. ನನ್ನ ವರದಿಯ ನಕಲನ್ನು ಜೊತೆಗೆ ಲಗತ್ತಿಸಿದ್ದರು.

"ಈ ಸಹಿ ನಿಮ್ಮದೇನ್ರಿ?"

"ಹೌದ್ರಿ."

"ಹಂಗಾದ್ರ ಈಗ ನಾಯಿ ನೋಡ್ರಿ. ಅದರ ಹೆಸರು ಕಂಚಿ. ಮುಗದ ಅನ್ನೋ ಹಳ್ಳಿಯಿಂದ ನನ್ನ ವಿದ್ಯಾರ್ಥಿನಿಯೊಬ್ಬಳ ಅಪ್ಪ ಮರಿ ಇದ್ದಾಗ ತಂದುಕೊಟ್ಟದ್ದು. ಒಬ್ಬಾಕಿ ಇರೋ ಮನಿ ನನ್ನದು. ಇದು ಬಂದ ಮ್ಯಾಲ ಬಾಗಲಕ್ಕ ಯಾರೂ ಕಲ್ಲ ಒಗದಿಲ್ಲ."

ಅವರ ದನಿಯಲ್ಲಿ ಅಂಗಲಾಚುವಿಕೆ ಇರಲಿಲ್ಲ. ತಪ್ಪು ಲೆಕ್ಕವನ್ನು ಮತ್ತೆ ಮಾಡಲು ಹೇಳುವ ಶಿಕ್ಷಕಿಯ ತಾಳ್ಮೆಯಿತ್ತು.

ನಮ್ಮ ದವಾಖಾನೆಯ ಡ್ರೆಸರ್ ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಒಂದು ಕಾಲದಲ್ಲಿ ಫೌಜಿನ ಕುದುರೆಗಳ ಗಾಯ ಕಟ್ಟಿದವರು. ಅವರು ನಾಯಿಯನ್ನು ಮೇಜಿನ ಮೇಲೆ ನಿಲ್ಲಿಸಿ, ಸುಮ್ಮನೆ ಅದರ ಕಡೆ ನೋಡುತ್ತ ನಿಂತರು. ಆಮೇಲೆ ಮೆಲ್ಲಗೆ ಹೇಳಿದರು:

"ಸಾಹೇಬ್ರ, ಬಂದು ಇಷ್ಟ ಹೊತ್ತಾತು, ಇದು ಒಮ್ಮಿನೂ ಕೆರಕೊಂಡಿಲ್ಲ ನೋಡ್ರಿ."

ಹುಳಕಜ್ಜಿ ಹತ್ತಿದ ನಾಯಿ ಒಂದು ಗಳಿಗೆ ಕೆರೆಯದೆ ಇರಲಾರದು. ಕಿವಿಯ ಅಂಚನ್ನು ಬೆರಳಿನಿಂದ ತಿಕ್ಕಿದೆ. ಹುಳವಿದ್ದರೆ ಹಿಂಗಾಲು ತಂತಾನೆ ಗಾಳಿಯಲ್ಲಿ ಕೆರೆಯತೊಡಗುತ್ತದೆ. ಕಂಚಿ ಕಾಲು ಆಡಿಸಲಿಲ್ಲ. ಕಿವಿಯ ಅಂಚು, ಮೊಣಕೈ ಎರಡೂ ಸ್ವಚ್ಛ. ಹುಳಕಜ್ಜಿ ಮೊದಲು ಹಿಡಿಯುವ ಜಾಗಗಳೇ ಅವು. ಮಗ್ಗುಲಿಗೆ ಮಲಗಿಸಿ ಹೊಟ್ಟೆ ನೋಡಿದೆ. ತೊಡೆಯ ಸಂದಿಯಲ್ಲಿ ಸಾಸಿವೆಯಷ್ಟು ಗುಳ್ಳೆಗಳು, ತಲೆಯಲ್ಲಿ ಹಳದಿ ಕೀವು. ಪ್ರತಿ ಗುಳ್ಳೆಯ ನಡುವೆ ಒಂದು ಕೂದಲು. ಒಡೆದ ಗುಳ್ಳೆಗಳ ಜಾಗದಲ್ಲಿ ಬಳೆಯಂಥ ಗುರುತು: ನಡುವೆ ಕಪ್ಪು, ಸುತ್ತ ಸುಲಿದ ಚರ್ಮದ ಅಂಚು. ಬೆನ್ನಿನ ಮೇಲೆ ಇಂಥ ಬಳೆಗಳಿಂದಲೇ ಕೂದಲು ಗುಂಪುಗುಂಪಾಗಿ ಕಳಚಿತ್ತು. ದೂರದಿಂದ ನೋಡಿದವನಿಗೆ ಬೋಳು ಮಾತ್ರ ಕಾಣುತ್ತದೆ.

ಚರ್ಮವನ್ನು ರಕ್ತ ಜಿನುಗುವವರೆಗೆ ಕೆರೆದು, ಪೊಟ್ಯಾಷ್ ನೀರಿನಲ್ಲಿ ಕಾಯಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಏಳು ಕಡೆಯಿಂದ ಕೆರೆದೆ. ಒಂದರಲ್ಲೂ ಹುಳವಿಲ್ಲ, ಮೊಟ್ಟೆಯಿಲ್ಲ. ಆಮೇಲೆ ಒಡೆಯದ ಗುಳ್ಳೆಯೊಂದನ್ನು ಸುಟ್ಟ ಸೂಜಿಯಿಂದ ಚುಚ್ಚಿ, ಕೀವನ್ನು ಗಾಜಿಗೆ ಸವರಿ, ಒಣಗಿಸಿ, ನೀಲಿ ಬಣ್ಣ ಹಾಕಿದೆ. ಕೀವಿನ ಕಣಗಳ ನಡುವೆ ದ್ರಾಕ್ಷಿ ಗೊಂಚಲಿನಂತೆ ದುಂಡನೆಯ ಜೀವಾಣುಗಳು ಕಂಡವು. ಮನುಷ್ಯರ ಕುರುವಿನಲ್ಲಿ ಸಿಗುವಂಥವೇ.

"ದಿನಾ ತೊಳೀತೀರೇನ್ರಿ ಇದನ್ನ?" ಎಂದು ಕೇಳಿದೆ.

"ನಾಯಿ ನಾತಾ ಹೊಡೀತದ ಅಂತ ಓಣ್ಯಾಗ ತಕರಾರು ಬಂತು. ಅವತ್ತಿನಿಂದ ದಿನಾ ಮುಂಜಾನೆ ಸೋಡಾ ಹಚ್ಚಿ ತೊಳೀತೇನಿ. ತೊಳದು ಬಚ್ಚಲದಾಗ ಕಟ್ಟಿ ಸಾಲಿಗೆ ಹೋಗ್ತೇನಿ. ಅಂಗಳದಾಗ ಬಿಟ್ರ ಈಗ ಇದರ ಮ್ಯಾಲನ ಕಲ್ಲ ಬೀಳ್ತಾವ."

ಸೋಡಾಖಾರ ಚರ್ಮದ ಎಣ್ಣೆಯನ್ನು ತೆಗೆದಿತ್ತು, ಬಚ್ಚಲದ ತೇವ ಅದನ್ನು ಮೆತ್ತಗೆ ಮಾಡಿತ್ತು, ಜೀವಾಣು ಒಳಗಿಳಿದಿತ್ತು. ಓಣಿಯ ತಕರಾರೇ ರೋಗ ತಂದಿತ್ತು; ಆ ರೋಗಕ್ಕೆ ನಾನು ತಪ್ಪು ಹೆಸರು ಕೊಟ್ಟಿದ್ದೆ.

ಮರುದಿನ ಧಾರವಾಡಕ್ಕೆ ಹೋದೆ. ನೋಟೀಸು ಹೊರಡುವ ಮೊದಲು ನನ್ನ ವರದಿಯ ಮೇಲೆ ಜಿಲ್ಲೆಯ ಮೇಲಧಿಕಾರಿಯ ಸಹಿಯೂ ಬಿದ್ದಿತ್ತು. ಅವರ ಅಪ್ಪಣೆ ಇಲ್ಲದೆ ಅದನ್ನು ಬದಲಿಸುವ ಹಾಗಿರಲಿಲ್ಲ. ಬಸ್ಸು ಉಣಕಲ್ ದಾಟುವವರೆಗೆ ಹೇಳಬೇಕಾದ ಮಾತನ್ನು ಹತ್ತು ಬಗೆಯಲ್ಲಿ ಜೋಡಿಸಿದ್ದೆ. ಅವರ ಎದುರು ನಿಂತಾಗ ಒಂದೂ ಉಳಿಯಲಿಲ್ಲ.

"ನೋಡಿ ಬರದ್ಯೋ, ಬರದು ನೋಡಿದ್ಯೋ?" ಎಂದರು ಅವರು.

"ಬರದು ನೋಡಿದೆ ಸರ್."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಏಳು ಸಲ ಕೆರದು ಸಿಗಲಿಲ್ಲ ಅಂದ್ರ ಇಲ್ಲ ಅಂತ ಅರ್ಥ ಅಲ್ಲ. ಎಂಟನೇದ್ರಾಗ ಇರಬಹುದು. ಇನ್ನ ಹತ್ತು ದಿವಸ ಊರಸಭೆಯವರನ್ನ ನಾ ತಡೀತೇನಿ. ನಾಯಿ ದವಾಖಾನಿ ಪ್ರತ್ಯೇಕ ಕೋಣ್ಯಾಗ ಇರಲಿ. ಕೀಲಿ ನಿನ್ನ ಹತ್ತರ. ಒಡತಿ ಸುದ್ದಾ ಒಳಗ ಬರಬಾರದು. ಗಂಧಕ ಹಚ್ಚಬ್ಯಾಡ, ಅದು ಹುಳಾ ಕೊಲ್ಲತದ. ಗಂಧಕ ಇಲ್ಲದ ವಾಸಿ ಆದ್ರ ಹುಳಕಜ್ಜಿ ಅಲ್ಲ ಅಂತ ಒಪ್ಪತೇನಿ. ಹನ್ನೊಂದನೇ ದಿವಸ ಬರ್ತೇನಿ. ಒಂದ ಹೊಸಾ ಗುಳ್ಳಿ ಕಂಡ್ರೂ ಮೊದಲಿನ ಕಾಗದನ ಖರೇ."

ಬಾಗಿಲವರೆಗೆ ಬಂದಾಗ ಮತ್ತೆ ಕರೆದರು. "ನಿನ್ನ ಕಾಯಂ ಮಾಡೋ ಕಾಗದನೂ ಇಲ್ಲೇ ಅದ. ನೆನಪಿರಲಿ."

ಪ್ರತ್ಯೇಕ ಕೋಣೆ ಎಂದರೆ ಹುಚ್ಚುನಾಯಿಗಳನ್ನು ಕೂಡಿಹಾಕಲು ಕಟ್ಟಿದ್ದು. ಕಲ್ಲಿನ ಗೋಡೆ, ತಗಡಿನ ಮಾಡು, ಕಬ್ಬಿಣದ ಸಲಾಕೆಯ ಬಾಗಿಲು. ಒಳಗೆ ನಾನು ನೆಟ್ಟಗೆ ನಿಂತರೆ ತಲೆ ತಗಡಿಗೆ ತಾಗುತ್ತಿತ್ತು. ಬೇಸಿಗೆಯ ಮಧ್ಯಾಹ್ನ ಅಲ್ಲಿ ಉಸಿರು ಎಳೆದರೆ ನೆಲ ತೊಳೆದ ಕಾರ್ಬಾಲಿಕ್ ಔಷಧದ ವಾಸನೆ ಗಂಟಲಲ್ಲಿ ಕೂರುತ್ತಿತ್ತು. ಮುಂಜಾನೆ ಒಂದು ತಾಸು ಮಾತ್ರ ಸಲಾಕೆಗಳ ನಡುವಿನಿಂದ ಬಿಸಿಲು ನೆಲಕ್ಕೆ ಬೀಳುತ್ತಿತ್ತು. ಆ ಬಿಸಿಲು ಸರಿದಂತೆ ನಾಯಿಯನ್ನೂ ಸರಿಸುತ್ತ ಹೋಗಬೇಕು. ಒಣ ಚರ್ಮವೇ ಅರ್ಧ ಔಷಧ. ಪರ್ಮಾಂಗನೇಟ್ ನೀರಿನಿಂದ ತೊಳೆಯುವುದು, ಒತ್ತಿ ಒರೆಸುವುದು, ಕೀವು ತುಂಬಿದ ಗುಳ್ಳೆಗಳನ್ನು ಒಂದೊಂದಾಗಿ ಸುಟ್ಟ ಸೂಜಿಯಿಂದ ತೆರೆಯುವುದು, ಸ್ಪಿರಿಟ್ ಅರಿವೆಯಿಂದ ಒತ್ತುವುದು, ಮೇಲೆ ನೇರಳೆ ದ್ರಾವಣ ಹಚ್ಚುವುದು. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ. ಹಚ್ಚಿದ್ದನ್ನು ನೆಕ್ಕದಂತೆ ಕುತ್ತಿಗೆಗೆ ಬಿದಿರಿನ ಬುಟ್ಟಿಯೊಂದರ ತಳ ಕತ್ತರಿಸಿ ತೊಡಿಸಿದ್ದೆವು. ಕಂಚಿ ಬುಟ್ಟಿಯೊಳಗಿಂದ ನನ್ನನ್ನೇ ನೋಡುತ್ತಿತ್ತು.

ಶಿಕ್ಷಕಿ ದಿನವೂ ಸಾಲೆ ಬಿಟ್ಟ ಮೇಲೆ ಬಂದು ಕಂಪೌಂಡಿನ ಆಚೆ ನಿಲ್ಲುತ್ತಿದ್ದರು. ಒಳಗೆ ಬಿಡಿ ಎಂದು ಒಮ್ಮೆಯೂ ಕೇಳಲಿಲ್ಲ. ದನಿ ಕೇಳಿದರೆ ಕಂಚಿ ಸಲಾಕೆಗೆ ಹಾಯುತ್ತದೆಂದು ಮಾತೂ ಆಡುತ್ತಿರಲಿಲ್ಲ. ಡ್ರೆಸರ್ ಹೋಗಿ "ಇವತ್ತ ಅನ್ನಾ ಉಂಡೈತ್ರಿ" ಎಂದು ಹೇಳಿದರೆ ತಲೆಯಾಡಿಸಿ ಹೊರಡುತ್ತಿದ್ದರು.

ಕೋಣೆಗೆ ಬೀಗ ಹಾಕಿ ನಾನು ಮನೆಗೆ ಹೋದರೆ ಅಲ್ಲಿ ಆ ಅರಳೆ ವ್ಯಾಪಾರಿಯ, ನನ್ನ ಮಾಲೀಕರ ಕಟ್ಟೆ. ಅದನ್ನು ದಾಟದೆ ನನ್ನ ಕೋಣೆಗೆ ದಾರಿಯಿಲ್ಲ. ಮೂರನೆಯ ದಿನ ಸಂಜೆ ಅವರು ಮೊಮ್ಮಗಳನ್ನು ಕರೆದು ನನ್ನ ಎದುರು ನಿಲ್ಲಿಸಿದರು. ಏಳೆಂಟು ವರ್ಷದ ಹುಡುಗಿ, ಅದೇ ಶಿಕ್ಷಕಿಯ ಸಾಲೆಯವಳು.

"ಕೈ ತೋರಸವ್ವಾ. ನೋಡ್ರಿ ಡಾಕ್ಟರ್, ಆ ನಾಯಿ ಮಾಡಿದ್ದು. ನೀವು ಅದಕ್ಕ ನೇರಳಿ ಬಣ್ಣಾ ಬಳ್ಯಾಕತ್ತೀರಿ."

ಬೆರಳ ಸಂದುಗಳಲ್ಲಿ ಸಣ್ಣ ಗುಳ್ಳೆಗಳು, ಅವುಗಳ ನಡುವೆ ಕೂದಲೆಳೆಯಂಥ ಬೂದು ಗೆರೆ. ಆ ಗೆರೆ ನನಗೆ ಗೊತ್ತಿತ್ತು. ಹುಳ ಚರ್ಮದಲ್ಲಿ ಕೊರೆದ ಸುರಂಗ ಅದು. ನೋಡುತ್ತಿದ್ದ ಹಾಗೆ ಮಾಲೀಕರು ತಮ್ಮ ಮುಂಗೈಯನ್ನು ಮೊಣಕಾಲಿಗೆ ತಿಕ್ಕಿಕೊಂಡರು. ಅಲ್ಲೂ ಅದೇ ಗುಳ್ಳೆಗಳು.

ಸೂಜಿಯ ತುದಿಯಿಂದ ಸುರಂಗದ ಕೊನೆಯನ್ನು ಬಿಡಿಸಿ ಗಾಜಿನ ಮೇಲೆ ತೆಗೆದುಕೊಳ್ಳಲು ಒಪ್ಪಿಗೆ ಕೇಳಿದೆ. ಅವರು ಸಂತೋಷದಿಂದ ಒಪ್ಪಿದರು. ಮರುದಿನ ಮುಂಜಾನೆ ತಾವೇ ದವಾಖಾನೆಗೆ ಬಂದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಆಮೆಯಂಥ ದುಂಡು ಮೈ, ಮೋಟು ಕಾಲು, ಹುಳ ಸ್ಪಷ್ಟವಾಗಿತ್ತು.

"ಸಿಕ್ಕಿತಲ್ರಿ ಹುಳಾ," ಎಂದರು.

"ನಾಯಿ ಮೈಯಾಗ ಇದು ಇಲ್ಲರಿ. ಇದು ಮನುಷ್ಯರಿಂದ ಮನುಷ್ಯರಿಗೆ ಬರೋ ಕಜ್ಜಿ. ನಿಮ್ಮ ಮುಂಗೈಮ್ಯಾಲೂ ಐತಿ. ಮನ್ಯಾಗ ಎಲ್ಲಾರೂ ಒಮ್ಮೆಲೆ ಗಂಧಕದ ಮುಲಾಮ ಹಚ್ಚಿಕೋಬೇಕ್ರಿ."

ಅವರು ಅಂಗಿಯ ತೋಳನ್ನು ಮೆಲ್ಲಗೆ ಕೆಳಗೆಳೆದುಕೊಂಡರು. "ಎರಡು ಹೊತ್ತು ಸ್ನಾನಾ ಮಾಡೋ ಮನಿ ನಮ್ಮದು. ಒಂದು ನಾಯಿ ಉಳಸಾಕ ನಮ್ಮ ಮನಿಗೆ ಕಜ್ಜಿ ಹಚ್ಚತೀರೇನು?"

ಅದೇ ದಿನ ಅವರ ಪತ್ರ ಧಾರವಾಡಕ್ಕೆ ಹೋಯಿತು: ಮಗುವಿನ ಕೈಯಲ್ಲಿ ಹುಳ ಸಿಕ್ಕಿದೆ, ಸರಕಾರಿ ದವಾಖಾನೆಯ ಸೂಕ್ಷ್ಮದರ್ಶಕದಲ್ಲೇ ಸಿಕ್ಕಿದೆ, ಸಂಶಯ ಉಳಿದಿಲ್ಲ. ನನಗೆ ತಿಂಗಳ ಕೊನೆಗೆ ಕೋಣೆ ಬಿಡಲು ಹೇಳಿದರು. ನಾಯಿಯ ಹುಳಕ್ಕೂ ಮನುಷ್ಯರ ಹುಳಕ್ಕೂ ಗಾಜಿನ ಮೇಲೆ ವ್ಯತ್ಯಾಸ ತೋರಿಸುವುದು ನನ್ನಿಂದ ಆಗದ ಕೆಲಸ. ನಾನೇ ತೆಗೆದ ಸಾಕ್ಷಿ ನನ್ನ ಮೇಲೇ ತಿರುಗಿ ಕೂತಿತ್ತು. ಇಲ್ಲದ ಹುಳವನ್ನು ಇಲ್ಲವೆಂದು ತೋರಿಸುವುದು ಹೇಗೆ? ಮತ್ತೆ ಐದು ಕಡೆ ಕೆರೆದೆ. ಇಲ್ಲ. ಇನ್ನೂ ಕೆರೆದರೆ ನಾಯಿಯ ಮೈಯಲ್ಲಿ ಗಾಯ ಮಾತ್ರ ಹೆಚ್ಚುತ್ತಿತ್ತು.

ಐದನೆಯ ದಿನಕ್ಕೆ ಹೊಟ್ಟೆಯ ಗುಳ್ಳೆಗಳು ಒಣಗಿದವು. ಆ ಧೈರ್ಯದಲ್ಲಿ ಅವಸರ ಮಾಡಿದೆ. ಪಕ್ಕೆಯ ಮೇಲೆ ಔಷಧ ಸರಿಯಾಗಿ ಕೂರಲೆಂದು ಕೂದಲನ್ನು ಬುಡಕ್ಕೆ ಕತ್ತರಿಸಲು ಹೊರಟೆ. ಬೆನ್ನಿನ ಹಳೆಯ ಗುಳ್ಳೆಗಳ ಮೇಲೆ ಆಡಿದ ಕೂದಲು ಕತ್ತರಿಸುವ ಯಂತ್ರವನ್ನು ಬರಿ ನೀರಿನಲ್ಲಿ ಅದ್ದಿ, ಕುದಿಸದೆ, ಪಕ್ಕೆಗೆ ಇಳಿಸಿದೆ. ಕಂಚಿ ಕೊಸರಿತು, ಯಂತ್ರದ ಹಲ್ಲು ನನ್ನ ಎಡ ತೋರುಬೆರಳಿಗೂ ತಾಗಿ ಸ್ವಲ್ಪ ಗೀರಿತು. ಒರೆಸಿಕೊಂಡು ಮುಂದುವರಿದೆ.

ಏಳನೆಯ ದಿನ ಮುಂಜಾನೆ ಬಿಸಿಲಿಗೆ ತಿರುಗಿಸಿದಾಗ ಪಕ್ಕೆಯ ಮೇಲೆ ಹೊಸ ಗುಳ್ಳೆಗಳು ಕಂಡವು, ಹದಿನೈದಕ್ಕೂ ಹೆಚ್ಚು. ನಾನು ನೆಲದ ಮೇಲೆ ಕೂತೆ. ತಗಡು ಆಗಲೇ ಕಾಯತೊಡಗಿತ್ತು. ಒಂದು ಹೊಸ ಗುಳ್ಳೆ ಕಂಡರೂ ಮೊದಲಿನ ಕಾಗದವೇ ನಿಜ ಎಂದಿದ್ದರು. ನನ್ನ ಬೆರಳೂ ರಾತ್ರಿಯಿಂದ ಜುಮುಜುಮು ಎನ್ನುತ್ತಿತ್ತು. ಉಗುರಿನ ಪಕ್ಕ ಊದಿ ಹಳದಿಯಾಗಿತ್ತು. ನಾಯಿಯ ರೋಗ ಡಾಕ್ಟರಿಗೇ ಹತ್ತಿದೆ ಎಂದು ಓಣಿಗೆ ತಿಳಿದರೆ ಹತ್ತನೆಯ ದಿನದವರೆಗೂ ಯಾರೂ ಕಾಯುತ್ತಿರಲಿಲ್ಲ. ಬೆರಳಿಗೆ ಪಟ್ಟಿ ಸುತ್ತಿ, ಕೇಳಿದವರಿಗೆ ಮೊಳೆ ತಾಗಿತೆಂದೆ.

ಎರಡು ದಿನ ಹಾಗೆ ಕಳೆದವು. ಯಂತ್ರ ಕುದಿಸಿದೆ, ಸೂಜಿ ಸುಟ್ಟೆ, ಪಕ್ಕೆಗೆ ಔಷಧ ಹಚ್ಚಿದೆ. ಊಟ ರುಚಿಸಲಿಲ್ಲ. ಕೋಣೆಯಲ್ಲಿದ್ದರೆ ಹೊರಗೆ ಹೋಗಬೇಕೆನಿಸುತ್ತಿತ್ತು. ಹೊರಗೆ ಬಂದರೆ ಕಂಪೌಂಡಿನಾಚೆ ಬಿಳಿ ಸೀರೆ, ಮನೆಗೆ ಹೋದರೆ ಕಟ್ಟೆ. ಹೋಗಲು ಬೇರೆ ಜಾಗವಿಲ್ಲದೆ ಮತ್ತೆ ಅದೇ ಕೋಣೆಗೆ ಬಂದು ನಾಯಿಯ ಪಕ್ಕ ಕೂರುತ್ತಿದ್ದೆ.

ಒಂಬತ್ತನೆಯ ದಿನ ಡ್ರೆಸರ್ ನಾಯಿಯ ಪಕ್ಕೆಯನ್ನು ಬಹಳ ಹೊತ್ತು ನೋಡಿ ಹೇಳಿದರು:

"ಎಲ್ಲಾ ಕಡೆ ನೇರಳಿ ದಪ್ಪಗ ಬಳದುಬಿಡ್ರಿ ಸಾಹೇಬ್ರ. ಗುಳ್ಳಿ ಯಾವ್ದು, ಬಣ್ಣ ಯಾವ್ದು, ಯಾರಿಗೂ ತಿಳ್ಯೂದಿಲ್ಲ. ಫೌಜಿನಾಗ ಹಿಂಗ ಕುದರಿ ಉಳಿಸೀವಿ." ಪಕ್ಕೆಯ ಮೇಲೆ ಬೆರಳು ತೋರಿಸುತ್ತ ಮತ್ತೆ ಅಂದರು, "ಆದ್ರ ಒಂದ ಮಾತರಿ. ಯಂತ್ರ ಎಲ್ಲೆ ಹೋಗೈತಿ, ಗುಳ್ಳಿನೂ ಅಲ್ಲೇ ಹೋಗ್ಯಾವ. ಗೆರಿ ಹೊಡದಂಗ."

ನಾನು ಬಗ್ಗಿ ನೋಡಿದೆ. ನಿಜ. ಗುಳ್ಳೆಗಳು ಚದುರಿರಲಿಲ್ಲ. ಯಂತ್ರದ ಅಗಲಕ್ಕೆ ಸರಿಯಾಗಿ, ಹೆಗಲಿನಿಂದ ಸೊಂಟದವರೆಗೆ, ಎರಡು ನೇರ ಪಟ್ಟೆಗಳು. ಕತ್ತರಿಸದ ಕಡೆ ಒಂದೂ ಇಲ್ಲ. ಹುಳ ಹಾಗೆ ಗೆರೆ ಹಿಡಿದು ನಡೆಯುವುದಿಲ್ಲ. ಈ ರೋಗವನ್ನು ಅಲ್ಲಿಗೆ ಒಯ್ದದ್ದು ನನ್ನ ಕೈ. ಬೆರಳಿಗೆ ತಂದದ್ದೂ ಅದೇ ಯಂತ್ರ. ಇಷ್ಟು ದಿನ ಹುಡುಕುತ್ತಿದ್ದ ಸಾಕ್ಷಿ ನಾನು ಮುಚ್ಚಿಡುತ್ತಿದ್ದ ಎರಡು ಜಾಗಗಳಲ್ಲೇ ಇತ್ತು. ಅದನ್ನು ತೋರಿಸಬೇಕಾದರೆ ನನ್ನ ತಪ್ಪನ್ನೂ ತೋರಿಸಬೇಕಿತ್ತು.

ಪಟ್ಟಿ ಬಿಚ್ಚಿದೆ. ಬೆರಳಿನ ಕೀವನ್ನು ಗಾಜಿಗೆ ತೆಗೆದು ಬಣ್ಣ ಹಾಕಿದೆ. ಅದೇ ಗೊಂಚಲು. ನಾಯಿಯ ಪಕ್ಕೆಗೆ ಆ ಸಂಜೆಯಿಂದ ನೇರಳೆ ಹಚ್ಚಲಿಲ್ಲ. ಬಣ್ಣವಿಲ್ಲದ ಸ್ಪಿರಿಟ್ ಮಾತ್ರ ಹಚ್ಚಿ, ಇದ್ದದ್ದು ಇದ್ದ ಹಾಗೆ ಕಾಣಲೆಂದು ಬಿಟ್ಟೆ.

ಹನ್ನೊಂದನೆಯ ದಿನ ಮೇಲಧಿಕಾರಿ ಬಂದರು. ಜೊತೆಗೆ ಮಾಲೀಕರೂ. ಹೊಟ್ಟೆ ಒಣಗಿ ಬಳೆಗಳ ಅಂಚು ಕರಗಿತ್ತು, ಬೆನ್ನಿನ ಮೇಲೆ ಎಳೆಗೂದಲು ಮೂಡಿತ್ತು. ಪಕ್ಕೆಯ ಪಟ್ಟೆಗಳಲ್ಲಿ ಇನ್ನೂ ಮೂರು ಹಳದಿ ಗುಳ್ಳೆಗಳಿದ್ದವು.

"ಇವು ಹೊಸಾವ್ರಿ," ಎಂದರು ಮಾಲೀಕರು.

"ಹೌದು, ಹೊಸಾವು," ಎಂದೆ. ಯಂತ್ರ ಕುದಿಸದ ಸಂಗತಿ ಹೇಳಿದೆ. ಬೆರಳು ಚಾಚಿದೆ. ಮೂರು ಗಾಜುಗಳನ್ನು ಸಾಲಾಗಿ ಇಟ್ಟೆ: ನಾಯಿಯದು, ನನ್ನದು, ಮಗುವಿನದು.

ಮೇಲಧಿಕಾರಿ ಕೂತು ಒಂದೊಂದನ್ನೂ ನಿಧಾನವಾಗಿ ನೋಡಿದರು. ಆಮೇಲೆ ತಾವೇ ನಾಯಿಯ ಕಿವಿಯ ಅಂಚನ್ನು ತಿಕ್ಕಿ ಹಿಂಗಾಲಿನ ಕಡೆ ನೋಡಿದರು. ಕಾಲು ಅಲುಗಲಿಲ್ಲ.

"ನಿನಗ ಹತ್ತಿದ್ದು ನಾಯಿಯಿಂದನ ಹೌದಲ್ಲೋ? ಹಂಗಾದ್ರ ಅಂಟುರೋಗ ಅಂತ ಬರದಿದ್ದು ಸುಳ್ಳಾಗೂದಿಲ್ಲ."

ಈ ಪ್ರಶ್ನೆ ಬರುತ್ತದೆಂದು ನನಗೆ ಗೊತ್ತಿತ್ತು. ಇಲ್ಲ ಎನ್ನುವ ಹಾಗಿರಲಿಲ್ಲ. "ಗಾಯ ಇದ್ದಲ್ಲೆ ಹತ್ತತದ ಸರ್. ಓಣಿ ತುಂಬ ಹಬ್ಬೂದಿಲ್ಲ. ನಾಯಿ ಕೊಲ್ಲಬೇಕಾದ ರೋಗ ಅಲ್ಲ ಇದು. ಕೈ ತೊಳಕೋಬೇಕಾದ ರೋಗ."

ಅವರು ಮಾಲೀಕರ ಕಡೆ ತಿರುಗಿದರು. "ಹತ್ತು ದಿವಸ ಈ ನಾಯಿ ಬೀಗದಾಗ ಇತ್ತು. ನಿಮ್ಮ ಮನಿ ಕಜ್ಜಿ ಕಡಿಮಿ ಆಗೇದೇನ್ರಿ?" ಮಾಲೀಕರು ರುಮಾಲು ಸರಿಪಡಿಸಿಕೊಂಡು ಹೊರಗೆ ಹೋದರು.

ನನ್ನ ಮುಂದೆ ಒಂದು ಹಾಳೆ ತಳ್ಳಿದರು ಮೇಲಧಿಕಾರಿ. "ಬರಿ. ಮೊದಲಿನ ವರದಿ ನಾಯಿಯನ್ನು ಮುಟ್ಟದೆ ಬರೆದದ್ದು ಅಂತ ಮೊದಲನೇ ಸಾಲು ಇರಲಿ. ಅದು ಬರದ್ರ ಈ ವರ್ಷ ನಿನ್ನ ಕಾಯಂ ಆಗೂದಿಲ್ಲ. ಬರೀದಿದ್ರ ನಾಯಿ ಉಳ್ಯೂದಿಲ್ಲ."

ಬರೆದೆ. ಅವರು ಓದಿ, ಕೆಳಗೆ ತಮ್ಮ ಸಹಿ ಮಾಡಿ, ಪಕ್ಕೆ ಪೂರ್ತಿ ಒಣಗಿದ ಮೇಲೆ ಬಿಡಬೇಕೆಂದು ಹೇಳಿ ಹೊರಟರು. ಆ ವರ್ಷ ಕಾಯಂ ಆಗಲಿಲ್ಲ. ಮುಂದಿನ ವರ್ಷವೂ ಇಲ್ಲ. ಮಾಲೀಕರ ಕೋಣೆ ಬಿಟ್ಟು ಸ್ಟೇಷನ್ ಹತ್ತಿರ ಬೇರೆ ಕೋಣೆ ಹಿಡಿದೆ. ಅವರು ನನ್ನ ಜೊತೆ ಮತ್ತೆ ಮಾತಾಡಲಿಲ್ಲ. ಮೊಮ್ಮಗಳ ಕೈ ಸ್ವಚ್ಛವಾಗಿದೆ, ಹತ್ತಿರ ಬಂದರೆ ಗಂಧಕದ ವಾಸನೆ ಬರುತ್ತದೆ ಎಂದು ಶಿಕ್ಷಕಿ ಒಮ್ಮೆ ಹೇಳಿದರು.

ಮೇಲಧಿಕಾರಿ ಬಂದುಹೋದ ಆರು ದಿನಕ್ಕೆ, ಶಿಕ್ಷಕಿಯ ಎದುರು, ಕಂಚಿಯಿದ್ದ ಕೋಣೆಯ ಬೀಗ ತೆಗೆದೆ. ಕುತ್ತಿಗೆಯ ಬುಟ್ಟಿಯನ್ನೂ ಬಿಚ್ಚಿದೆ. ಬಾಗಿಲು ತೆರೆದರೂ ಕಂಚಿ ಹೊರಗೆ ಬರಲಿಲ್ಲ. ಹಿಂದಿನ ಗೋಡೆಗೆ ಒರಗಿ ನಿಂತಿತು. ನಾನು ಒಳಗೆ ಹೋಗಿ ಎಳೆಯಲು ನೋಡಿದೆ.

"ಎಳೀಬ್ಯಾಡ್ರಿ," ಎಂದರು ಶಿಕ್ಷಕಿ. "ತಾನ ಬರ್ತದ." ಹೊಸ್ತಿಲ ಮೇಲೆ, ಆ ಕಾರ್ಬಾಲಿಕ್ ನೀರಿನ ನೆಲದಲ್ಲೇ, ಬಿಳಿ ಸೀರೆಯಲ್ಲಿ ಕೂತರು. ಅರ್ಧ ತಾಸು ಹಾಗೇ ಕೂತಿದ್ದರು. ಕೊನೆಗೆ ಅದು ಒಂದೊಂದೇ ಹೆಜ್ಜೆ ಇಟ್ಟು ಬಂದು ಅವರ ತೊಡೆಯ ಮೇಲೆ ಗದ್ದವಿಟ್ಟಿತು.

ಡ್ರೆಸರ್ ಹೇಳಿದರು, "ಅಕ್ಕೋರ, ಹಿಂದಿನ ಸಂದಿಲೆ ಹೋಗ್ರಿ. ಮೈತುಂಬ ನೇರಳಿ ಐತಿ, ಮಂದಿ ನೋಡ್ತಾರ."

"ನೋಡ್ಲಿ," ಎಂದರು ಶಿಕ್ಷಕಿ. ಎದ್ದು ಸೀರೆ ಕೊಡವಿ, ಸರಪಳಿಯನ್ನು ಕೈಗೆ ಸುತ್ತಿಕೊಂಡು, ಸಂತೆಗೆ ಹೋಗುವ ದೊಡ್ಡ ರಸ್ತೆ ಹಿಡಿದರು.